ಪೆಂಟೇನಿನ ನಾಲ್ಕನೆಯ ರೂಪ

ಮೂರನೆಯ ಕಲ್ಲು ಜೈಪಾಲನ ದವಡೆಗೆ ಬಿತ್ತು. ಅವನ ಕೂಗು ಅಲ್ಲಿಗೆ ನಿಂತಿತು.

ಜಹೀರಾಬಾದಿನ ಆಟೋ ಸ್ಟ್ಯಾಂಡಿನ ಪಕ್ಕದ ಗೋಡೆಗೆ ಅವನನ್ನು ಒತ್ತಿ ಹಿಡಿದಿದ್ದರು. ಒಬ್ಬನ ಕೈಯಲ್ಲಿ ಕ್ರಿಕೆಟ್ ವಿಕೆಟ್, ಇನ್ನೊಬ್ಬನ ಕೈಯಲ್ಲಿ ಬಿಚ್ಚಿದ ಬೆಲ್ಟು. ಹೊಡೆಯುವವರಿಗಿಂತ ಫೋನು ಎತ್ತಿ ಹಿಡಿದವರೇ ಹೆಚ್ಚು. ನಮ್ಮ ಜನಕ್ಕೆ ನ್ಯಾಯ ಮಾಡುವ ಉಮೇದು ಬಂದರೆ ಹೀಗೆಯೇ, ಅರ್ಧ ಊರು ಕೈಯೆತ್ತುತ್ತದೆ, ಇನ್ನರ್ಧ ಅದರ ವಿಡಿಯೊ ತೆಗೆಯುತ್ತದೆ.

"ಮಾಸ್ತರನ್ನ ಕೊಂದ ಕೈ ಅದು, ಮುರೀರಿ ಅದನ್ನ," ಎಂದು ಯಾರೋ ಅರಚಿದರು.

ವಿಕೆಟ್ ಕೆಳಗಿಳಿಯಿತು. ಮೂಳೆ ಮುರಿದ ಸದ್ದು ಜೀಪಿನವರೆಗೆ ಕೇಳಿಸಿತು.

ಎಸ್.ಐ. ಸ್ವರೂಪಾ ಜೀಪು ನಿಲ್ಲುವ ಮುಂಚೆಯೇ ಧುಮುಕಿದಳು. ಎದುರಿಗೆ ಬಂದವನ ಮೊಣಕಾಲಿಗೆ ಲಾಠಿ ಬಿಟ್ಟಳು. ಬೆಲ್ಟಿನವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದಳು. ಅವನ ಮೂಗಿನ ರಕ್ತ ಅವಳ ಖಾಕಿ ತೋಳಿನ ಮೇಲೆ ಹರಿಯಿತು. ಅವಳಿಗೆ ಎಳ್ಳಷ್ಟೂ ಕರುಣೆ ಬರಲಿಲ್ಲ, ಇನ್ನೊಂದು ಏಟು ಬಿಡಬೇಕೆನಿಸಿತು, ಬಿಟ್ಟಳು.

ಕೋಚಿಂಗ್ ಸೆಂಟರಿನ ಕೆಮಿಸ್ಟ್ರಿ ಮಾಸ್ತರ ವೀರಭದ್ರ ತನ್ನ ಕ್ಲಾಸಿನಲ್ಲೇ ಕಲ್ಲಿನ ಚಪ್ಪಡಿಯಿಂದ ತಲೆ ಜಜ್ಜಿಸಿಕೊಂಡು ಸತ್ತಿದ್ದ, ಸೆಂಟರಿನ ಮಕ್ಕಳನ್ನು ಆಟೋದಲ್ಲಿ ತರುವ, ಸೆಂಟರಿನ ಕೀಲಿಯನ್ನೂ ಇಟ್ಟುಕೊಂಡಿದ್ದ ಜೈಪಾಲನೇ ಕೊಂದವನೆಂದು ಊರು ತೀರ್ಮಾನಿಸಿಬಿಟ್ಟಿತ್ತು. ವಿಚಾರಣೆ ಮುಗಿಸಿ ಠಾಣೆಯಿಂದ ಹೊರಬಿದ್ದ ಅವನು ಸ್ಟ್ಯಾಂಡು ತಲುಪುವಷ್ಟರಲ್ಲಿ ಈ ಗುಂಪು ಸಿದ್ಧವಾಗಿ ನಿಂತಿತ್ತು.

ಸ್ವರೂಪಾಳ ಭುಜಕ್ಕೊಂದು ಕಲ್ಲು ಬಿತ್ತು. ಲಾಠಿ ಹಿಡಿದ ಕೈ ಜೋಮು ಹಿಡಿದು ಕೆಳಗೆ ಜೋತಿತು. ವಿಕೆಟಿನವನು ಈಗ ತಲೆಗೆ ಗುರಿಯಿಟ್ಟಿದ್ದ.

ಅಷ್ಟರಲ್ಲಿ ಜನರನ್ನು ಸೀಳಿಕೊಂಡು ಒಬ್ಬ ಒಳಗೆ ನುಗ್ಗಿ ಜೈಪಾಲನ ಮೈಮೇಲೆ ಕವುಚಿ ಬಿದ್ದ. ವಿಕೆಟಿನ ಏಟು ಅವನ ಬೆನ್ನಿಗೆ ಬಿತ್ತು. ಅವನು ಸ್ವರೂಪಾಳ ಅಣ್ಣ ಕ್ರಾಂತಿಕುಮಾರ. ವೀರಭದ್ರನ ನಾರಾಯಣಖೇಡ ಶಾಖೆಯಲ್ಲಿ ಸಸ್ಯಶಾಸ್ತ್ರ ಕಲಿಸುವವನು, ಶೋಕಸಭೆಗೆಂದು ಬಂದಿದ್ದ.

"ಜೀಪ್ ಹಿಂದಕ್ ತಗೋ ಕಿಷ್ಟಪ್ಪ," ಎಂದು ಅವನೇ ಕೂಗಿದ.

ಕಾನ್‌ಸ್ಟೆಬಲ್ ಕಿಷ್ಟಪ್ಪ ಗುಂಪಿನ ಮೇಲೆಯೇ ಜೀಪು ಹಿಂದಕ್ಕೆ ಬಿಟ್ಟ. ಜನ ಚೆದುರಿದರು. ಅಣ್ಣತಂಗಿಯರಿಬ್ಬರೂ ಜೈಪಾಲನನ್ನು ಎತ್ತಿ ಒಳಗೆ ಹಾಕಿದರು. ದಾರಿಯುದ್ದಕ್ಕೂ ಕ್ರಾಂತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಜೈಪಾಲ ಒಮ್ಮೆ ಕಣ್ಣು ತೆರೆದು ಅವನ ಮುಖ ನೋಡಿದವನೇ ಮುರಿಯದ ಕೈಯಿಂದ ಅವನ ಎದೆಯನ್ನು ನೂಕಿದ, ಗಂಟಲಲ್ಲಿ ಏನೋ ಸದ್ದು ಮಾಡಿದ, ಪ್ರಜ್ಞೆ ತಪ್ಪಿದ. ಪಾಪ, ನೋವು ತಡೆಯಲಾಗುತ್ತಿಲ್ಲ ಎಂದುಕೊಂಡಳು ಸ್ವರೂಪಾ.

ದವಾಖಾನೆಯ ಮೇಲಿನ ಅಂತಸ್ತಿನ ಮೂಲೆಯ ಕೋಣೆಯಲ್ಲಿ ಅವನನ್ನು ಮಲಗಿಸಿದರು. ಮೂಗಿಗೆ ಆಮ್ಲಜನಕದ ನಳಿಕೆ, ಕೈಗೆ ಗ್ಲೂಕೋಸು. ದವಡೆ ಎರಡು ಕಡೆ ಮುರಿದಿತ್ತು. ಮಧ್ಯಾಹ್ನದ ಹೊತ್ತಿಗೆ ಎಚ್ಚರವಾಗಬಹುದು, ಮಾತಾಡಲಾರ, ಆದರೆ ಕೇಳಿದ್ದಕ್ಕೆ ತಲೆಯಾಡಿಸಿಯಾನು ಎಂದರು ಡಾಕ್ಟರು.

ವರಾಂಡದಲ್ಲಿ ಸರ್ಕಲ್ ಇನ್‌ಸ್ಪೆಕ್ಟರ್ ಧನರಾಜ ಕಾಯುತ್ತಿದ್ದ. ಸಿಟ್ಟು ಯಾವತ್ತೂ ಮೂಗಿನ ತುದಿಯಲ್ಲೇ ಇರುವ ಮನುಷ್ಯ.

"ಸಂಜಿಗೆ ಇವನ್ನ ಅರೆಸ್ಟ್ ತೋರಿಸಿ ಕೇಸ್ ಮುಗಸೂಣು. ಊರ್ ಹೊತ್ತಿ ಉರೀಲತ್ತದ."

"ಇವ ಕೊಂದಿಲ್ರಿ ಸರ್."

"ಬೋರ್ಡ್ ಏನ್ ಹೇಳ್ತದ? ಮಾಸ್ತರ ನಸುಕಿನ್ಯಾಗ ಬಂದು ಬೋರ್ಡ್ ಬರ್ದಾನ. ಅಂದ್ರ ಆಗ ಜೀವಂತ ಇದ್ದ. ಆ ಹೊತ್ತಿನ್ಯಾಗ ಕೀಲಿ ತಗ್ದು ಒಳಗ ಹೋದಂವ ಇವ ಒಬ್ಬನೇ. ಮುಗೀತಲ್ಲ."

ಧನರಾಜನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ವೀರಭದ್ರನ ಸೆಂಟರಿನಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಬೋರ್ಡು ಒರೆಸಿ ಹೋಗುವ ಮಾಸ್ತರ ನಸುಕಿನಲ್ಲಿ ಬಂದು ಒಂದು ಹೈಡ್ರೋಕಾರ್ಬನ್ನಿನ ಹೆಸರು ಬರೆಯುತ್ತಿದ್ದ. ಅಷ್ಟೇ ಇಂಗಾಲ, ಅಷ್ಟೇ ಜಲಜನಕ ಇಟ್ಟುಕೊಂಡು ಎಷ್ಟು ಬಗೆಯಲ್ಲಿ ಜೋಡಿಸಬಹುದೋ ಅಷ್ಟು ಐಸೋಮರ್‌ಗಳ ಚಿತ್ರ ಕೆಳಗೆ ಬರೆದು, ಒಂದನ್ನು ಮಾತ್ರ ಬೇಕೆಂದೇ ಬಿಡುತ್ತಿದ್ದ. ಬಿಟ್ಟುಹೋದದ್ದನ್ನು ಮೊದಲು ಹುಡುಕಿದ ವಿದ್ಯಾರ್ಥಿಗೆ ಆ ದಿನ ಮಾಸ್ತರರ ಕುರ್ಚಿ. ಆ ಕುರ್ಚಿಯ ಆಸೆಗೆ ದೂರದ ಹಳ್ಳಿ ರಾಯಿಕೋಡಿನ ಮಕ್ಕಳು ಕೋಳಿ ಕೂಗುವ ಮೊದಲೇ ಎದ್ದು ಬರುತ್ತಿದ್ದರು.

ಹೆಣ ಸಿಕ್ಕ ಬೆಳಿಗ್ಗೆ ಬೋರ್ಡಿನಲ್ಲಿ 'ಪೆಂಟೇನ್' ಎಂದು ಬರೆದಿತ್ತು. ಕೆಳಗೆ ಮೂರು ಚಿತ್ರ.

"ಸತ್ತಂವನ ಬೆರಳಿಗೆ ಸೀಮೆಸುಣ್ಣ ಹತ್ತಿದ್ದಿಲ್ರಿ ಸರ್," ಎಂದಳು ಸ್ವರೂಪಾ. "ಆ ಮಾಸ್ತರ ಬೋರ್ಡ್ ಮುಟ್ಟಿದ್ರ ಮೊಣಕೈ ತನ ಬಿಳಿ ಆಗ್ತಿದ್ದ. ಬೇರೆ ಯಾರೋ ಬರ್ದಾರ."

"ಕೈ ತೊಳ್ಕೊಂಡಿರ್ಬೇಕು."

"ಮೋಟರ್ ಸುಟ್ಟು ಆ ಬಿಲ್ಡಿಂಗಿನ್ಯಾಗ ಒಂದ್ ಹನಿ ನೀರ್ ಇದ್ದಿಲ್ಲ. ಎಲ್ಲಿ ತೊಳ್ಕೋತಾನ? ಕೊಂದಂವನೇ ಬರ್ದಾನ್ರಿ, ಮಾಸ್ತರ ಬೆಳಗಾಗಾತನ ಬದುಕಿದ್ದ ಅಂತ ತೋರಸಾಕ. ಕೊಲಿ ಆಗಿದ್ದು ಹಿಂದಿನ ಸಂಜಿಗೆ, ಅವತ್ತ ಕ್ಲಾಸ್ ಸೂಟಿ ಇತ್ತು. ಆ ಸಂಜಿ ಜೈಪಾಲ ರಾಯಿಕೋಡಿನ್ಯಾಗ ಮೈದುನನ ಮದವಿ ಊಟಕ್ಕ ಬಡಸ್ಲತ್ತಿದ್ದ. ಇಡೀ ಊರ್ ನೋಡ್ಯಾದ."

ಬಾಗಿಲ ಬಳಿ ಕುಳಿತಿದ್ದ ಜೈಪಾಲನ ಹೆಂಡತಿ ಭೂದೇವಿ ತಲೆಯೆತ್ತಿದಳು. ಗಂಡನ ರಕ್ತ ಅವಳ ಸೆರಗಿನ ಮೇಲೆ ಒಣಗಿ ಗಟ್ಟಿಯಾಗಿತ್ತು. "ಅವ್ರಿಗಿ ತಮ್ಮ ಹೆಸರ್ ಬರ್ಯಾಕ ಸುದ್ದಾ ಬರಂಗಿಲ್ರಿ ಸಾಬ್. ಆ ಬೋರ್ಡ್ ಹ್ಯಾಂಗ ಬರೀತಾರ?"

ಧನರಾಜ ಅವಳತ್ತ ನೋಡಲಿಲ್ಲ. "ಹಂಗಂದ್ರ ಯಾರ್ ಬರ್ದಾರ ಅಂವನ್ನ ಸಂಜಿ ಒಳಗ ನನ್ ಮುಂದ ತಂದ್ ನಿಂದ್ರಸು. ಇಲ್ಲಂದ್ರ ಇವನ ಹಾಸಿಗಿಗೇ ಬೇಡಿ ಹಾಕ್ತೀನಿ."

ಅವನು ಮೆಟ್ಟಿಲಿಳಿದು ಹೋದ. ಸ್ವರೂಪಾ ಗೋಡೆಗೆ ಒರಗಿದಳು. ಬೇಡಿ ಬಿದ್ದರೆ ಜೈಪಾಲ ಜೈಲಿಗೆ ಹೋಗುತ್ತಾನೆ, ಈ ಮೈಯಲ್ಲಿ ಜೈಲಿಗೆ ಹೋದವನು ಹೊರಗೆ ಬರುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಉಂಡಿ ಏನವ್ವಾ?" ಕ್ರಾಂತಿ ಹತ್ತಿರ ಬಂದು ಕೇಳಿದ.

ಅಪ್ಪ ಸತ್ತ ವರ್ಷ ಕಾಲೇಜು ಬಿಟ್ಟು ತಮ್ಮೂರು ಮನೂರಿನ ಹೊಲಗಳಲ್ಲಿ ಕೂಲಿ ಮಾಡಿ ಅವಳನ್ನು ಓದಿಸಿದವನು ಅವನು. ಜಗತ್ತೇ ತಲೆಕೆಳಗಾಗಲಿ, ಅವನ ಮೊದಲ ಪ್ರಶ್ನೆ ಊಟದ್ದೇ. ಅವಳ ಕಣ್ಣು ತುಂಬಿ ಬಂತು.

"ನಿನ್ ಕೈಗಿ ಏನಾತು ಅಣ್ಣಾ?"

ಅವನ ಬಲ ಅಂಗೈಗೆ ಬಟ್ಟೆ ಸುತ್ತಿತ್ತು. "ಬೈಕಿನ ಚೈನ್ ಬಿಗಿ ಮಾಡಾಕ ಹೋಗಿ ಸಿಗಸ್ಕೊಂಡೆ. ಅದ್ ಬಿಡು. ನೀ ಎಲ್ಲಿ ಹೊಂಟಿ?"

"ತಾಂಡೂರಿಗೆ. ಬಂಡೆಪ್ಪನ ಕಡಿ."

ಕ್ರಾಂತಿ ತಲೆಯಾಡಿಸಿದ. "ಹೋಗ್ ಬಾ. ನಾ ಇವನ ಬಾಜೂಕ ಕುಂದರ್ತೀನಿ. ಆ ಮಂದಿ ಮತ್ತ ಬಂದ್ರ ಸಾಯಪ್ಪ ಒಬ್ಬಾಂವ ಏನ್ ಮಾಡ್ಯಾನು?"

ಕಾವಲಿಗಿದ್ದ ಕಾನ್‌ಸ್ಟೆಬಲ್ ಸಾಯಪ್ಪನೂ ಹೂಂಗುಟ್ಟಿದ. ಸ್ವರೂಪಾಳ ಎದೆಯ ಭಾರ ಅರ್ಧ ಇಳಿಯಿತು.

ತಾಂಡೂರಿನ ದಾರಿಯ ಎರಡೂ ಬದಿಗೆ ತೊಗರಿ ಹೊಲ. ಸ್ವರೂಪಾ ಫೋನಿನಲ್ಲಿದ್ದ ಬೋರ್ಡಿನ ಫೋಟೊ ದಿಟ್ಟಿಸುತ್ತ ಕುಳಿತಳು. ಕಾಲೇಜಿನಲ್ಲಿ ಅವಳು ಓದಿದ್ದು ಚರಿತ್ರೆ. ಆದರೂ ಪೆಂಟೇನ್ ಎಂದರೆ ಐದು ಇಂಗಾಲ ಎನ್ನುವುದು ಮರೆತಿರಲಿಲ್ಲ. ಅಣ್ಣ ಮನೆಯಲ್ಲಿ ಕಲಿಸಿದ್ದು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಮನಸ್ಸಿನಲ್ಲೇ ಎಣಿಸಿದಳು. ಐದೂ ಸಾಲಾಗಿ ನೆಟ್ಟಗೆ ನಿಂತದ್ದು ಒಂದು. ನಾಲ್ಕರ ಸಾಲಿಗೆ ಕೆಳಗಡೆ ಒಂದು ಕವಲು ಬಂದದ್ದು ಇನ್ನೊಂದು. ಮೇಲುಗಡೆ ಕವಲು ಬಂದದ್ದು ಮತ್ತೊಂದು. ನಡುವೆ ಒಂದು, ಸುತ್ತ ನಾಲ್ಕು ನಿಂತು ಕೂಡಿಸುವ ಗುರುತಿನಂತೆ ಕಾಣುವುದು ಕೊನೆಯದು. ಒಟ್ಟು ನಾಲ್ಕು ರೂಪ.

ಬೋರ್ಡಿನಲ್ಲಿ ಇದ್ದದ್ದು ಮೂರು. ಕೂಡಿಸುವ ಗುರುತಿನದು ಬಿಟ್ಟುಹೋಗಿತ್ತು. ಒಂದನ್ನು ಬಿಡುವ ಪದ್ಧತಿಯನ್ನು ಕೊಲೆಗಾರ ಅಚ್ಚುಕಟ್ಟಾಗಿ ಪಾಲಿಸಿದ್ದ. ಅಂದರೆ ಅವನಿಗೆ ಕೆಮಿಸ್ಟ್ರಿಯೂ ಗೊತ್ತು, ಸೆಂಟರಿನ ಒಳಗುಟ್ಟೂ ಗೊತ್ತು.

ಬಂಡೆಪ್ಪನಿಗೆ ಎರಡೂ ಗೊತ್ತಿದ್ದವು. ವೀರಭದ್ರನ ಜೊತೆ ಸೆಂಟರು ಕಟ್ಟಿದವನು, ಆ ಕುರ್ಚಿಯ ಪದ್ಧತಿ ಹಾಕಿದವನೇ ಅವನು. ಜಗಳವಾಡಿ ಹೊರಬಿದ್ದು ತಾಂಡೂರಿನಲ್ಲಿ ಅಪ್ಪನ ಕಲ್ಲಿನ ಕಾರ್ಖಾನೆ ಹಿಡಿದಿದ್ದ, ಸಂಜೆ ಎದುರಾಳಿ ಸೆಂಟರನ್ನೂ ನಡೆಸುತ್ತಿದ್ದ. 'ನಿನ್ನ ತಲಿ ಕಲ್ಲಿಗೆ ಹಾಕಿ ಜಜ್ಜತೀನಿ' ಎಂದು ಒಂದು ಮದುವೆಯಲ್ಲಿ ವೀರಭದ್ರನಿಗೆ ಎಲ್ಲರೆದುರು ಹೇಳಿದ್ದ. ತಲೆ ಜಜ್ಜಿದ್ದು ತಾಂಡೂರಿನ ಚಪ್ಪಡಿಯೇ. ಎಲ್ಲ ಬೆರಳುಗಳೂ ಇಷ್ಟು ಸಲೀಸಾಗಿ ಒಬ್ಬನನ್ನೇ ತೋರಿಸಿದರೆ ಪತ್ತೇದಾರಿ ಓದುವ ನಿಮಗೆ ಅನುಮಾನ ಬಂದೀತು. ಬೆಳಗಿನಿಂದ ಉಪವಾಸವಿದ್ದ ಎಸ್.ಐ.ಗೆ ಬರಲಿಲ್ಲ.

"ಅಂವನ ಕೈಲೆ ಇದನ್ನೇ ಬರಸ್ತೀನಿ ಕಿಷ್ಟಪ್ಪ," ಎಂದಳು. "ಬರಿಯೋ ಕೈ ಸುಳ್ ಹೇಳಂಗಿಲ್ಲ."

ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಚಕ್ರ ಕಿವಿ ಹರಿಯುವಂತೆ ಅರಚುತ್ತಿತ್ತು. ನೆಲದ ತುಂಬ ಬೂದುಬಣ್ಣದ ಕೆಸರುನೀರು. ಬಂಡೆಪ್ಪ ಹಣೆಗೆ ಅಡ್ಡ ವಿಭೂತಿ ಬಳಿದು, ಲುಂಗಿ ಮೇಲೆ ಕಟ್ಟಿ ನಿಂತಿದ್ದ. ಖಾಕಿ ಕಂಡದ್ದೇ ಅವನ ಮುಖ ಕಪ್ಪಾಯಿತು.

"ಯಾಕ್ ಬಂದೀರಿ ಅಂತ ಗೊತ್ತದ. ನಾ ಬರಂಗಿಲ್ಲ. ಜೈಪಾಲಗ ಆಗಿದ್ದು ವಿಡಿಯೋದಾಗ ನೋಡೀನಿ."

"ನಾ ಕೇಳಿದ್ದಕ್ ಜವಾಬ್ ಕೊಟ್ರ ಸಾಕು."

ಅವನು ಜವಾಬು ಕೊಟ್ಟದ್ದು ಕೈಯಿಂದ. ಕಾಲ ಬುಡದಲ್ಲಿದ್ದ ಕಲ್ಲಿನ ತುಂಡು ಎತ್ತಿ ಬೀಸಿದ. ಅದು ಕಿಷ್ಟಪ್ಪನ ಹಣೆ ಸೀಳಿಕೊಂಡು ಹೋಯಿತು. ಕಿಷ್ಟಪ್ಪ ಮುಖದ ತುಂಬ ರಕ್ತವಾಗಿ ಕೆಸರಿನಲ್ಲಿ ಕುಸಿದ. ಕೆಲಸದವರು ದಿಕ್ಕಾಪಾಲಾದರು.

ಸ್ವರೂಪಾ ಹಿಂದೆ ಓಡಿದಳು. ಚಕ್ರದ ಬಳಿ ಅವನು ಸರಕ್ಕನೆ ತಿರುಗಿ ಅವಳ ಕೊರಳು ಹಿಡಿದ. ಕಲ್ಲು ಎತ್ತಿ ಬೆಳೆದ ಕೈ, ಒಂದೇ ಹಿಡಿತಕ್ಕೆ ಅವಳ ಉಸಿರು ಕಟ್ಟಿತು. ಅವಳನ್ನು ಹಿಂದಕ್ಕೆ ಬಾಗಿಸುತ್ತ ಹೋದ. ಚಕ್ರದಿಂದ ಸಿಡಿಯುತ್ತಿದ್ದ ನೀರು ಅವಳ ಕಿವಿಗೆ ಬಡಿಯತೊಡಗಿತು, ಜಡೆಯ ತುದಿ ಹಲ್ಲಿಗೆ ಸಿಕ್ಕಿ ಕತ್ತರಿಸಿ ಹೋಯಿತು.

ಇನ್ನು ಗೇಣಷ್ಟು ಬಾಗಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಸ್ವರೂಪಾ ಅವನ ಹೆಬ್ಬೆರಳು ಹುಡುಕಿ ಹಿಡಿದು ಹಿಂದಕ್ಕೆ ಮುರಿದಳು. ಕೀಲು ಕಳಚಿತು. ಅವನು ಬಾಯಿ ತೆರೆದ ಕ್ಷಣಕ್ಕೆ ಮೊಣಕಾಲು ಅವನ ಹೊಟ್ಟೆಗೆ ಹೋಯಿತು, ಲಾಠಿ ಕಾಲಿಗೆ ಬಿತ್ತು. ಪಾಲಿಷ್ ಮಾಡಿ ನೆಲಕ್ಕೆ ಹಾಸಿದ್ದ ಮಂಚದಗಲದ ಚಪ್ಪಡಿಯ ಮೇಲೆ ಬಂಡೆಪ್ಪ ಬಿದ್ದ.

ಕಿಷ್ಟಪ್ಪ ಹಣೆ ಒತ್ತಿಕೊಂಡೇ ಹೋಗಿ ಮಿಷನ್ನಿನ ಬಟನ್ ಒತ್ತಿದ. ಸದ್ದು ನಿಂತಿತು.

ಅಳತೆ ಗುರುತು ಹಾಕುವ ಸೀಮೆಸುಣ್ಣದ ತುಂಡೊಂದನ್ನು ಸ್ವರೂಪಾ ಅವನ ಮುಂದೆ ಎಸೆದಳು. "ಪೆಂಟೇನ್ ಐಸೋಮರ್ ಬರಿ. ಎಲ್ಲಾ ಬರಿ. ಒಂದೂ ಬಿಡಬ್ಯಾಡ."

ಬಂಡೆಪ್ಪ ನೋವಿನಲ್ಲೂ ನಕ್ಕುಬಿಟ್ಟ. "ಕೊಲ್ಲಾಕ ಬಂದೀರೋ, ಪರೀಕ್ಷಾ ತಗೋಳಾಕ ಬಂದೀರೋ?"

"ಬರಿ."

ಎಡಗೈ ಎದೆಗೆ ಒತ್ತಿಕೊಂಡು ಬಲಗೈಯಿಂದ ಬರೆದ. ಅವನು ಚಪ್ಪಡಿಯ ಆ ತುದಿಗೆ ಕುಳಿತಿದ್ದ, ಅವಳು ಈ ತುದಿಗೆ ನಿಂತಿದ್ದಳು. ನೆಟ್ಟಗಿನ ಸಾಲು ಬರೆದ. ಕವಲಿನದು ಬರೆದ. ಕೂಡಿಸುವ ಗುರುತಿನದು ಬರೆದ. ಸುಣ್ಣ ಕೆಳಗಿಟ್ಟ.

ಸ್ವರೂಪಾ ಕಾದಳು. ಅವನು ಎತ್ತಿಕೊಳ್ಳಲಿಲ್ಲ. ಸಿಕ್ಕಿಬಿದ್ದ, ಬೋರ್ಡಿನಲ್ಲಿದ್ದ ಒಂದನ್ನು ಬೇಕೆಂದೇ ಮುಚ್ಚಿಡುತ್ತಿದ್ದಾನೆ ಎಂದು ಅವಳಿಗೆ ಒಳಗೇ ಹಿಗ್ಗಾಯಿತು.

"ನಾಕನೇದು?"

"ಯಾವ ನಾಕನೇದು?"

"ಕೆಳಗ ಕವಲು ಇರೋದು. ನೀ ಬರ್ದಿದ್ದು ಮ್ಯಾಗ ಕವಲು ಇರೋದು ಅಷ್ಟೇ."

ಬಂಡೆಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. ನಗು ಹೋಗಿತ್ತು. ಕ್ಲಾಸಿನಲ್ಲಿ ದಡ್ಡ ವಿದ್ಯಾರ್ಥಿಯನ್ನು ನೋಡುವ ಮಾಸ್ತರನ ತಾಳ್ಮೆ ಆ ಮುಖಕ್ಕೆ ಬಂತು. "ನೀವ್ ನಿಂತಲ್ಲಿಂದ ಕವಲು ಎಲ್ಲದ?"

ಅವಳು ನೋಡಿದಳು. ತನ್ನ ಕಡೆಯಿಂದ ಅದು ಮೇಲುಗಡೆ ಇತ್ತು.

"ಈಗ ನನ್ ಕಡಿ ಬರ್ರಿ."

ಚಪ್ಪಡಿ ಸುತ್ತಿ ಅವನ ಬೆನ್ನ ಹಿಂದೆ ಹೋಗಿ ನಿಂತಳು. ಸುಣ್ಣದ ಗೆರೆ ಇದ್ದಲ್ಲೇ ಇತ್ತು. ಕವಲು ಮಾತ್ರ ಕೆಳಗೆ ಬಂದಿತ್ತು.

"ಎರಡೂ ಒಂದೇ ಮೇಡಂ. ತಿರುಗಿಸಿ ಹಿಡದ್ರ ಹೊಸಾದು ಆಗಂಗಿಲ್ಲ. ಪೆಂಟೇನಿಗೆ ಇರೋದು ಮೂರೇ. ಅಲ್ಲಿ ಬೋರ್ಡ್ ಮ್ಯಾಗ ಏನ್ ಬರ್ದಾರ, ತೋರಸ್ರಿ."

ಅವಳು ಫೋನು ಮುಂದೆ ಹಿಡಿದಳು.

ಬಂಡೆಪ್ಪ ಬಗ್ಗಿ ನೋಡಿದ. "ವೀರಭದ್ರ ನನ್ ವೈರಿ. ಆದ್ರ ಅಂವ ನಿದ್ದಿ ಮಾಡ್ಕೋತ ಬರದ್ರೂ ಹಿಂಗ ಬರ್ಯಾಂವಲ್ಲ. ಇಲ್ಲಿ ಯಾರೋ ಒಂದನ್ನೇ ಎರಡ್ ಸಲ ಬರ್ದಾರ. ಮತ್ತ ನೋಡ್ರಿ, ನಾವೆಲ್ಲಾ ಸರಪಳಿ ಅಡ್ಡ ಬರೀತೀವಿ, ಬೋರ್ಡಿನ ಮ್ಯಾಗ ಮಲಗಿಸಿ. ಇವು ಗಿಡ ನಿಂತಂಗ ನಿಂತಾವ. ಇದು ಕೆಮಿಸ್ಟ್ರಿ ಓದಿದಂವನ ಕೈ ಅಲ್ಲ. ನಿಮಗ ನಾಕು ಅಂತ ಯಾರ್ ಹೇಳಿಕೊಟ್ರು?"

"ಮನಿಯಾಗ ಕಲ್ತಿದ್ದೆ. ತೊಗರಿ ಕಟಗಿ ಮ್ಯಾಗ." ಮಾತು ಅವಳ ಬಾಯಿಂದ ತಾನಾಗಿ ಬಂತು. "ಕಟಗಿಗೆ ಹಸಿ ಮಣ್ಣಿನ ಉಂಡಿ ಚುಚ್ಚಿ, ಒಂದೊಂದು ಉಂಡಿ ಒಂದೊಂದು ಇಂಗಾಲ ಅಂತ. ಬುಡ ಕೆಳಗ ಹಿಡಿಬೇಕು, ಬುಡದಿಂದ ಎಣಸ್ಬೇಕು."

"ಅಲ್ಲೇ ಕೆಟ್ಟದ ನೋಡ್ರಿ," ಎಂದ ಬಂಡೆಪ್ಪ. "ತೊಗರಿ ಗಿಡಕ್ಕ ಬುಡ ಅದ, ತುದಿ ಅದ. ಬುಡದಾಗ ಕವಲು ಒಡದಿದ್ದು ಬ್ಯಾರೆ, ತುದಿಗೆ ಒಡದಿದ್ದು ಬ್ಯಾರೆ. ಒಕ್ಕಲಿಗ್ಯಾರನ್ನ ಕೇಳಿದ್ರೂ ಹಂಗೇ ಅಂತಾರ. ಇಂಗಾಲಕ್ಕ ಬುಡಾ ಎಲ್ಲಿಂದು, ತುದಿ ಎಲ್ಲಿಂದು? ಯಾವ ಮಾಸ್ತರನ ಹಂತ್ಯಾಕ ಕುಂತು ಕಲ್ತಂವನೂ ಈ ತಪ್ಪು ಮಾಡಂಗಿಲ್ಲ. ಪುಸ್ತಕ ಮುಂದಿಟ್ಕೊಂಡು ಹೊಲದಾಗ ತಾನೇ ಕಲ್ತಂವ ಮಾಡ್ತಾನ."

ಸ್ವರೂಪಾ ಫೋಟೊವನ್ನು ಹಿಗ್ಗಿಸಿ ಮತ್ತೊಮ್ಮೆ ನೋಡಿದಳು.

ಮನೂರಿನ ಆ ಬೇಸಿಗೆ ಅವಳ ಕಣ್ಣ ಮುಂದೆ ಬಂದು ನಿಂತಿತು. ಕೂಲಿಯಿಂದ ಬಂದು ಕೈಕಾಲು ತೊಳೆದು, ಯಾರೋ ಬಿಟ್ಟುಕೊಟ್ಟ ಹಳೆಯ ಪುಸ್ತಕ ಮಡಿಲಲ್ಲಿಟ್ಟುಕೊಂಡು, ತಾನೂ ಕಲಿಯುತ್ತ ತಂಗಿಗೂ ಕಲಿಸುತ್ತಿದ್ದ ಅಣ್ಣ. ಬಣವೆಯಿಂದ ಕಡ್ಡಿ ಎಳೆದು ತರುತ್ತಿದ್ದವಳು ಅವಳೇ. ಮುಂದೆ ಅವನು ಹಿಡಿದದ್ದು ಸಸ್ಯಶಾಸ್ತ್ರ, ಅವಳು ಹಿಡಿದದ್ದು ಚರಿತ್ರೆ. ಆ ತಪ್ಪನ್ನು ತಿದ್ದುವವರು ಇಬ್ಬರಿಗೂ ಸಿಗಲಿಲ್ಲ. ಬೋರ್ಡಿನ ಮೂರು ಚಿತ್ರ ತನಗೆ ಸರಿಯಾಗಿ ಕಂಡದ್ದು ಯಾಕೆಂದು ಈಗ ತಿಳಿಯಿತು. ಪೆಂಟೇನಿಗೆ ನಾಲ್ಕು ರೂಪ ಎಂದು ನಂಬಿದವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬಳು ಇಲ್ಲಿ ನಿಂತಿದ್ದಳು.

ಅಲ್ಲ, ಹಾಗಿರಲಾರದು ಎಂದುಕೊಂಡಳು. ಅಣ್ಣ ಅಂಥವನಲ್ಲ. ವೀರಭದ್ರ ವರ್ಷದ ಸಂಬಳ ನುಂಗಿದನೆಂದು ಬೈದಿದ್ದ, ನಿಜ, ಬೈಯುವುದು ಬೇರೆ, ಕೊಲ್ಲುವುದು ಬೇರೆ. ಬೆಳಿಗ್ಗೆ ತಾನೇ ಏಟಿಗೆ ಬೆನ್ನು ಕೊಟ್ಟಿದ್ದಾನೆ.

"ಇನ್ನೊಂದು ಹೇಳ್ಲೇನು?" ಬಂಡೆಪ್ಪ ಎರಡೂ ಅಂಗೈ ಬಿಚ್ಚಿ ತೋರಿಸಿದ. "ವೀರಭದ್ರನ ತಲಿ ಮ್ಯಾಗ ಬಿದ್ದಿದ್ದು ಅಂಚು ತಿದ್ದದ ಕಲ್ಲು ಅಂತ ಕೇಳೀನಿ. ಅದು ಬ್ಲೇಡ್ ಇದ್ದಂಗ. ನಮ್ ಮಂದಿ ಅಂಗೈಗೆ ಟ್ಯೂಬಿನ ರಬ್ಬರ್ ಕಟ್ಕೊಂಡೇ ಎತ್ತೋದು. ರೂಢಿ ಇಲ್ದಂವ ಬರಿಗೈಲೆ ಎತ್ತಿ ಹಾಕಿದ್ರ ಅಂಗೈ ಸೀಳದ ಬಿಡಂಗಿಲ್ಲ. ನನ್ನೂ ನೋಡ್ಕೊಳ್ರಿ, ಹಂಗೇ ಯಾರ್ ಅಂಗೈ ಸೀಳ್ಯಾದ ಅಂತ ಹುಡುಕ್ರಿ."

ಬೈಕಿನ ಚೈನು. ಬಟ್ಟೆ ಸುತ್ತಿದ ಬಲ ಅಂಗೈ.

ಜೀಪಿನಲ್ಲಿ ಜೈಪಾಲ ಕಣ್ಣು ತೆರೆದು ಆ ಮುಖ ಕಂಡದ್ದೇ ಎದೆ ನೂಕಿದ್ದ. ಅದು ನೋವಲ್ಲ, ಹೆದರಿಕೆ. ಮದುವೆ ಮುಗಿಸಿ ಬಂದವನು ಆ ನಸುಕಿನಲ್ಲಿ ಯಾರನ್ನೋ ಕಂಡಿದ್ದಾನೆ, ಎಸ್.ಐ.ಯ ಅಣ್ಣನೆಂಬ ಭಯಕ್ಕೆ ಠಾಣೆಯಲ್ಲಿ ಬಾಯಿ ಬಿಟ್ಟಿಲ್ಲ. ಬೆಳಿಗ್ಗೆ ಬೆನ್ನು ಕೊಟ್ಟು ಉಳಿಸಿದ ಅಣ್ಣನಿಗೆ ಅದು ಗೊತ್ತಾದದ್ದು ಆ ನೂಕಿನಿಂದಲೇ. ಅವನಿಗೆ ಎಚ್ಚರವಾದರೆ ತಲೆಯಾಡಿಸಿದರೂ ಸಾಕು. ಅವನ ಹಾಸಿಗೆಯ ಪಕ್ಕ ಯಾರನ್ನು ಕೂರಿಸಿ ಬಂದಿದ್ದೇನೆ ಎಂದು ಸ್ವರೂಪಾಳಿಗೆ ಆಗ ಹೊಳೆಯಿತು.

ಅಣ್ಣನಿಗೆ ಫೋನು ಮಾಡಿದಳು. ಸ್ವಿಚ್ ಆಫ್.

ಸಾಯಪ್ಪನಿಗೆ ಮಾಡಿದಳು. ಹಿನ್ನೆಲೆಯಲ್ಲಿ ಲೋಟಗಳ ಸದ್ದು ಕೇಳಿಸಿತು.

"ಎಲ್ಲಿದ್ದಿ?"

"ಕೆಳಗ ಹೋಟೆಲ್‌ನ್ಯಾಗ ಮೇಡಂ. ನಿಮ್ಮ ಅಣ್ಣಾರೇ ಕಳಿಸಿದ್ರು, ಚಾ ಕುಡ್ದು ಬಾ ಅಂತ."

"ಮ್ಯಾಲ್ ಓಡು. ಫೋನ್ ಇಡಬ್ಯಾಡ."

ಮೆಟ್ಟಿಲ ಮೇಲೆ ಬೂಟಿನ ಸದ್ದು, ಏದುಸಿರು. ಸ್ವರೂಪಾ ಜೀಪಿನತ್ತ ಓಡುತ್ತಲೇ ಕೇಳಿಸಿಕೊಂಡಳು. ಹಣೆಗೆ ಕರವಸ್ತ್ರ ಒತ್ತಿಕೊಂಡ ಕಿಷ್ಟಪ್ಪ ಒಂದೇ ಕೈಯಲ್ಲಿ ಗೇರು ಹಾಕಿದ. ಜಹೀರಾಬಾದು ಗಂಟೆಗೂ ಮೀರಿದ ದಾರಿ.

ಫೋನಿನಲ್ಲಿ ಭೂದೇವಿಯ ದನಿ ಬಂತು. "ಇವ್ರಿಗಿ ಎಚ್ಚರ ಆಗ್ಯಾದ್ರಿ ಸಾಯಪ್ಪಣ್ಣ. ಕಣ್ ಬಿಟ್ಟು ಕ್ರಾಂತಿ ಮಾಸ್ತರ್‌ನ್ನ ನೋಡಿದ್ದೇ ಕಾಲ್ ಬಡೀಲತ್ರು. ಔಷಧಿ ತಗೊಂಡ್ ಬಾ, ನಾ ಸುಮ್ಮನ ಮಾಡ್ತೀನಿ ಅಂತ ಮಾಸ್ತರೇ ಕಳಿಸಿದ್ರು. ಬಂದ್ ನೋಡ್ತೀನಿ, ಒಳಗಿಂದ ಅಗಳಿ ಹಾಕ್ಯಾರ."

"ಒಳಗ ಸದ್ದು ಏನರ ಕೇಳ್ತದೇನು?" ಸ್ವರೂಪಾ ಕೇಳಿದಳು.

ಸಾಯಪ್ಪ ಬಾಗಿಲಿಗೆ ಕಿವಿಯಿಟ್ಟಿರಬೇಕು. "ಮಂಚ ಅಲಗಾಡಿದಂಗ ಕೇಳ್ಲತ್ತದ ಮೇಡಂ."

ಇನ್ನು ತಡಮಾಡುವಂತಿರಲಿಲ್ಲ. ಜೈಪಾಲ ಬದುಕಿದರೆ ಅಣ್ಣ ಸಾಯುವವರೆಗೆ ಜೈಲು. ಅಣ್ಣ ಉಳಿಯಬೇಕೆಂದರೆ ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಮಿಕ್ಕದ್ದು ಆ ಕೋಣೆಯೊಳಗೆ ತಾನಾಗಿಯೇ ಮುಗಿಯುತ್ತಿತ್ತು. ತನ್ನನ್ನು ಸಾಕಿದ ಕೈ ಈಗ ಒಬ್ಬನ ಉಸಿರು ಒತ್ತುತ್ತಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು.

"ಸಾಯಪ್ಪ, ಬಾಗ್ಲಾ ಮುರಿ."

"ಫಿಕರ್ ಯಾಕ ಮಾಡ್ತೀರಿ ಮೇಡಂ? ಒಳಗ ನಿಮ್ಮ ಅಣ್ಣಾರೇ ಅದಾರಲ್ಲ."

"ಅದಕ್ಕೇ ಮುರಿ ಅನ್ಲತ್ತೀನಿ."